ಮೂರು ಹಾರ್ನು

ಯಾಸ್ನಾಳಿಗೆ ಇಪ್ಪತ್ತಾರು ತುಂಬಿದ ದಿನ ಅವಳ ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ನಿಲ್ಲುವ ಹೊತ್ತಿಗೆ ನೀರೇ ಇರಲಿಲ್ಲ. ಅದಕ್ಕೆ ಕಾರಣ ಅವಳ ಜೀವದ ಗೆಳತಿ ದಾಮಾರಿಸ್.

ಸಿಕ್ಕ ಗಾಡಿ ಹತ್ತಿ ಮರಳುಗಾಡು ಸುತ್ತಲೆಂದು ಕಲಾಮಾ ಊರಿನಿಂದ ಹೊರಡುವಾಗ ಮೂವರೂ ಹೊರೆ ಹಂಚಿಕೊಂಡಿದ್ದರು. ಗೆಳೆಯ ಇತಾಲೊನ ಬೆನ್ನಿಗೆ ಟೆಂಟು, ಯಾಸ್ನಾಳ ಬೆನ್ನಿಗೆ ಅಡುಗೆ ಸಾಮಾನು, ದಾಮಾರಿಸಳ ಬೆನ್ನಿಗೆ ದೊಡ್ಡ ನೀರಿನ ಕ್ಯಾನು. ದಾಮಾರಿಸ್ ಯಾರಿಗೂ ಹೇಳದೆ ಕ್ಯಾನನ್ನು ರಾತ್ರಿ ಮಲಗಿದ್ದ ಮಂಚದ ಕೆಳಗೆ ತಳ್ಳಿ, ಆ ಜಾಗಕ್ಕೆ ಕೇಕಿನ ಡಬ್ಬಿ ತುರುಕಿದಳು. ಬೇಯಿಸಿದ ಹಿಟ್ಟಿನ ತೆಳು ಹಾಳೆಗಳ ನಡುವೆ ಕೆಂಪಗೆ ಕುದಿಸಿದ ಹಾಲಿನ ಸಿಹಿ ಬಳಿದ ಕೇಕು. ಮರಳುಗಾಡಿನಲ್ಲಿದ್ದರೇನಂತೆ, ಕೇಕಿಲ್ಲದ ಹುಟ್ಟುಹಬ್ಬವನ್ನು ಚಿಲಿಯಲ್ಲಿ ಯಾರೂ ಹುಟ್ಟುಹಬ್ಬ ಅನ್ನುವುದಿಲ್ಲ. ಸ್ವಲ್ಪ ಮುಂದೆ ಹೋದರೆ ಹಳ್ಳಿ, ಅಲ್ಲಿ ಅಂಗಡಿ, ಅಂಗಡಿಯಲ್ಲಿ ನೀರು ಎಂದು ಅವಳ ಲೆಕ್ಕ.

ಬೆಳಗ್ಗೆ ಹತ್ತಿಸಿಕೊಂಡ ಜೀಪಿನವನು ಕವಲುದಾರಿಯಲ್ಲಿ ಇಳಿಸಿ, "ಇಲ್ಲಿ ಗಾಡಿಗೇನೂ ಬರ ಇಲ್ಲ" ಎಂದು ತನ್ನ ಗಣಿಯ ಕಡೆ ತಿರುಗಿಕೊಂಡ. ಅವನು ಹೇಳಿದ್ದು ಸುಳ್ಳಲ್ಲ. ಗಾಡಿಗಳು ಬಂದವು, ನಿಲ್ಲಲಿಲ್ಲ. ಎಲ್ಲವೂ ಗಣಿಯ ಲಾರಿಗಳು.

ಕವಲಿನಲ್ಲಿ ದಿಫುಂತಾಳ ತಗಡಿನ ಗುಡಿಯಿತ್ತು. ಕಂಕುಳಲ್ಲಿ ಕೂಸು ಕಟ್ಟಿಕೊಂಡು ಗಂಡನನ್ನು ಹುಡುಕುತ್ತ ಹೋಗಿ ಬಾಯಾರಿ ಸತ್ತ ತಾಯಿ ಅವಳು. ಅವಳ ದಾಹ ಇನ್ನೂ ತೀರಿಲ್ಲವೆಂದು ಲಾರಿಯವರು ಇಳಿದು ನೀರಿನ ಬಾಟಲಿ ಇಟ್ಟು ಹೋಗುತ್ತಾರೆ. ಪುರುಸೊತ್ತಿಲ್ಲದವರು ಮೂರು ಸಲ ಹಾರ್ನು ಹೊಡೆದು ಕೈಮುಗಿಯುತ್ತಾರೆ. ಮೊದಲ ಲಾರಿ ಹಾರ್ನು ಹೊಡೆದಾಗ ದಾಮಾರಿಸ್ ಅದು ತಮಗೇ ಎಂದುಕೊಂಡು ಚೀಲ ಹೊತ್ತು ಓಡಿದಳು. ದೂಳು ಕುಡಿದು ವಾಪಸು ಬಂದಳು.

"ನನ್ನ ಹುಟ್ಟುಹಬ್ಬಕ್ಕೆ ಹೊಡೀತಿದಾರೆ ಬಿಡೇ" ಎಂದಳು ಯಾಸ್ನಾ.

ನಿನ್ನೆ ಸಂತೆಯಲ್ಲಿ ತಿಂದ ಎಂಪನಾಡ ಎಂಬ ಮಾಂಸದ ಕಡುಬು ಅವಳನ್ನು ಬೆಳಗಿನಿಂದ ಹಿಂಡಿ ಹಾಕಿತ್ತು. ಬಿಸಿಲೇರುತ್ತಿದ್ದಂತೆ ಮತ್ತೆ ಮತ್ತೆ ವಾಂತಿ. ಅವಳ ಕೈಯ ಬಾಟಲಿ ಬರಿದಾಯಿತು, ಉಳಿದಿಬ್ಬರದೂ ಬರಿದಾಯಿತು.

"ದೊಡ್ಡ ಕ್ಯಾನ್ ತೆಗಿಯೇ" ಎಂದ ಇತಾಲೊ.

ದಾಮಾರಿಸ್ ಚೀಲ ಬಿಚ್ಚಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಏನದು?"

"ಕೇಕು."

"ನೀರೆಲ್ಲಿ?"

"ಕಲಾಮಾದಲ್ಲಿ."

ಇತಾಲೊ ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ಗುಡಿಯ ಹಿಂದಿನ ಅಂಗೈಯಗಲ ನೆರಳಿನಲ್ಲಿ ಮಲಗಿದ್ದ ಯಾಸ್ನಾ ಬಿರಿದ ತುಟಿಯಲ್ಲೇ ನಕ್ಕಳು. "ಅಯ್ಯೋ ಪೆದ್ದಿ, ಕೇಕು ಹೊತ್ಕೊಂಡು ಬಂದ್ಯಾ? ಮೇಣದಬತ್ತಿ ಇದ್ರೆ ಹಚ್ಚು. ಮೂರು ಆಸೆ ಕೇಳ್ಕೋತೀನಿ."

ಮೇಣದಬತ್ತಿ ಸೆಕೆಗೆ ಬಾಗಿಹೋಗಿತ್ತು. ಗಾಳಿಗೆ ಬೆಂಕಿಕಡ್ಡಿಯೂ ನಿಲ್ಲಲಿಲ್ಲ. ಯಾಸ್ನಾ ಕಣ್ಣು ಮುಚ್ಚಿದಳು. "ನೀರು, ನೀರು, ನೀರು."

"ಬಾಯಿಬಿಟ್ಟು ಹೇಳಬಾರದು ಕಣೆ, ನಡೆಯಲ್ಲ" ಎಂದ ಇತಾಲೊ.

ಆಮೇಲೆ ಅವಳು ತಮಾಷೆ ಮಾಡಲಿಲ್ಲ. ಮೈ ಬೆವರುವುದು ನಿಂತಿತು. ಎಂದೋ ಸತ್ತ ತನ್ನ ನಾಯಿಯನ್ನು ಒಳಗೆ ಕರಿ, ಮಳೆ ಬರ್ತಿದೆ ಎಂದಳು. ದಾಮಾರಿಸ್ ಎದ್ದು ಗುಡಿಯ ಮುಂದೆ ಹೋಗಿ, ಸಾಲಾಗಿದ್ದ ಬಾಟಲಿಗಳಲ್ಲಿ ಪಾಚಿಗಟ್ಟದ ಒಂದನ್ನು ಹುಡುಕತೊಡಗಿದಳು.

"ಅದಕ್ಕೆ ಕೈ ಹಾಕ್ಬೇಡ" ಎಂದ ಇತಾಲೊ. "ನಮ್ಮ ಚಿಕ್ಕಪ್ಪ ಲಾರಿ ಓಡಿಸ್ತಾನೆ, ನಂಗೊತ್ತು. ಅದು ಸತ್ತವಳ ನೀರು."

"ಇವಳೂ ಸತ್ತ ಮೇಲೆ ಇವಳಿಗೊಂದು ಗುಡಿ ಕಟ್ಟಿ ನೀರಿಡ್ತೀಯೇನೋ?"

ಇತಾಲೊ ಮುಖ ತಿರುಗಿಸಿದ. ದಾಮಾರಿಸ್ ಒಂದು ಬಾಟಲಿ ಎತ್ತಿ ಮುಚ್ಚಳ ತಿರುಪಿದಳು. ಅಷ್ಟರಲ್ಲಿ ಇಳಿಜಾರಿನಿಂದ ಲಾರಿಯೊಂದು ಬಂತು. ಒಂದು ಹಾರ್ನು ಹೊಡೆಯಿತು, ಎರಡನೆಯದು ಅರ್ಧಕ್ಕೇ ನಿಂತಿತು, ಬ್ರೇಕು ಕಿರುಚಿತು. ಬೆಳಗಿನಿಂದ ಹೆಬ್ಬೆರಳು ತೋರಿಸಿ ತೋರಿಸಿ ಕೈ ಸೋತರೂ ನಿಲ್ಲದ ಗಾಡಿ ಈಗ ನಿಂತಿತ್ತು. ಡೊಳ್ಳುಹೊಟ್ಟೆಯ ಡ್ರೈವರು ದಡದಡನೆ ಇಳಿದು ಬಂದ.

"ಏಯ್ ಕಳ್ಳಿ, ಯಾರ ನೀರು ಗೊತ್ತೇನೇ ಅದು? ನಾಚಿಕೆ ಆಗಲ್ವಾ?"

ದಾಮಾರಿಸ್ ಗುಡಿಯ ಹಿಂದಕ್ಕೆ ಕೈ ತೋರಿಸಿದಳು. ಅವನು ಹೋಗಿ ನೋಡಿದ, ಮಂಡಿಯೂರಿ ಯಾಸ್ನಾಳ ಕೆನ್ನೆ ತಟ್ಟಿದ, ಶಿಲುಬೆಯ ಗುರುತು ಹಾಕಿಕೊಂಡ.

"ಕೈ ಅಡ್ಡ ಮಾಡಿ ನಿಲ್ಲಿಸೋಕೆ ಏನಾಗಿತ್ತು ನಿಮಗೆ?"

"ಬೆಳಗ್ಗಿಂದ ಅದೇ ಮಾಡ್ತಿದೀವಿ ಮಾವ" ಎಂದ ಇತಾಲೊ.

ಡ್ರೈವರು ನೆಲ ನೋಡಿದ. "ಗಣಿಯವರು ಒಳಗೆ ಕ್ಯಾಮೆರಾ ಇಟ್ಟಿದಾರಪ್ಪ. ಹೊರಗಿನವರನ್ನ ಹತ್ತಿಸಿದ್ರೆ ಕೆಲಸ ಹೋಗುತ್ತೆ. ಎಲ್ಲರಿಗೂ ಅದೇ ಭಯ." ಆದರೂ ಅವನೇ ಯಾಸ್ನಾಳನ್ನು ಎತ್ತಿಕೊಂಡು ಹೋಗಿ ಕೂರಿಸಿ, ಕ್ಯಾಮೆರಾದ ಮೇಲೆ ತನ್ನ ಜಾಕೀಟು ನೇತುಹಾಕಿದ. ಡ್ರೈವರಿನ ಪಕ್ಕ ಸೀಟು ಒಂದೇ ಇತ್ತು. ತನ್ನ ಬಾಟಲಿಯಿಂದ ಅವಳ ತುಟಿಗೆ ನೀರು ತಾಗಿಸಿದ, ಇನ್ನೊಂದನ್ನು ಇವರ ಕಡೆ ಎಸೆದ.

"ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ?" ದಾಮಾರಿಸ್ ಬಾಗಿಲು ಹಿಡಿದು ಕೇಳಿದಳು.

"ಮೊದಲು ಸಿಕ್ಕಿದ್ದಕ್ಕೆ. ಬಾಗಿಲು ಬಿಡು ತಾಯಿ, ಹೊತ್ತಾಗುತ್ತೆ."

ಯಾಸ್ನಾಳ ತಲೆ ಕಿಟಕಿಗೆ ಒರಗಿತ್ತು. ದಾಮಾರಿಸ್ ಅವಳ ಹೆಸರು ಹಿಡಿದು ಕೂಗಿದಳು. ಅವಳು ತಿರುಗಲಿಲ್ಲ. ಲಾರಿ ಹೋಯಿತು.

ಸಂಜೆಯವರೆಗೂ ಲಾರಿಗಳು ಬಂದವು, ಹಾರ್ನು ಹೊಡೆದವು, ಹೋದವು. ಫೋನಿನಲ್ಲಿ ಸಿಗ್ನಲ್ ಇಲ್ಲ. ಯಾಸ್ನಾ ಎಲ್ಲಿದ್ದಾಳೆ, ಉಸಿರಾಡುತ್ತಿದ್ದಾಳೆಯೇ, ಕೇಳಲು ಒಂದು ನರಪಿಳ್ಳೆಯೂ ಇಲ್ಲ. ಡಬ್ಬಿಯೊಳಗೆ ಕೇಕು ಕರಗಿ ಜಾರಿತ್ತು. ಇತಾಲೊ ಇನ್ನೂ ರಸ್ತೆಯ ಅಂಚಿನಲ್ಲಿ ಹೆಬ್ಬೆರಳು ಚಾಚಿಕೊಂಡು ನಿಂತಿದ್ದ.

ದೂರದಲ್ಲಿ ಮತ್ತೊಂದು ಲಾರಿಯ ದೀಪ ಕಂಡಿತು. ದಾಮಾರಿಸ್ ಕೈ ಚಾಚಲಿಲ್ಲ. ಗುಡಿಯ ಎದುರು ಹೋಗಿ, ದಿಫುಂತಾಳ ಪಾದದ ಬಳಿಯಿದ್ದ ಬಾಟಲಿ ಎತ್ತಿಕೊಂಡು, ಡ್ರೈವರಿಗೆ ಚೆನ್ನಾಗಿ ಕಾಣುವಂತೆ ರಸ್ತೆಯ ಕಡೆ ತಿರುಗಿ ಮುಚ್ಚಳ ಬಿಚ್ಚತೊಡಗಿದಳು.