ಚೀಟಿಯ ಹಿಂಬದಿ

ಬೆಳಿಗ್ಗೆ ಎಂಟೂಕಾಲಿಗೆ ತಂಗಿ ಲೋಟ ತೊಳೆದು ಕಿಟಕಿಯ ಬಳಿ ಕೈ ಒರೆಸಿಕೊಳ್ಳುತ್ತಿದ್ದಾಗ ಅಕ್ಕನ ಕಣ್ಣಿಗೆ ಅದು ಬಿತ್ತು. ತಂಗಿಯ ಅಂಗೈ ಹಳದಿಯಾಗಿತ್ತು.

"ಕೈಗೇನು ಮೆತ್ಕೊಂಡಿದೀಯ?"

"ಏನೂ ಇಲ್ಲ. ಮೂರು ದಿನದಿಂದ ಹೀಗೇ ಇದೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಊಟ ನಿದ್ದೆ ಬಿಡ್ತೀಯ ಅಂತ."

ಆ ದಿನ ಹತ್ತೂವರೆಗೆ ಬ್ರೆಡ್ ಕಾರ್ಖಾನೆಯಲ್ಲಿ ತಂಗಿಯ ವೈದ್ಯಕೀಯ ಪರೀಕ್ಷೆ. ಹನ್ನೆರಡು ವರ್ಷದಿಂದ ಅಲ್ಲೇ ಹಿಟ್ಟು ನಾದುವ ವಿಭಾಗದಲ್ಲಿರುವ ಚಿಕ್ಕಮ್ಮ ಯಾರ್ಯಾರದೋ ಕೈಕಾಲು ಹಿಡಿದು ಪ್ಯಾಕಿಂಗ್ ವಿಭಾಗದ ಪಟ್ಟಿಗೆ ಅವಳ ಹೆಸರು ಸೇರಿಸಿದ್ದಳು. ತಿನ್ನುವ ವಸ್ತು ಮುಟ್ಟುವ ಕೆಲಸವಾದ್ದರಿಂದ, ಕಾಮಾಲೆಯ ಗುಮಾನಿ ಬಂದರೂ ಸಾಕು, ಹೆಸರು ಹೊಡೆದುಹಾಕುತ್ತಿದ್ದರು. ಮತ್ತೆ ಪಟ್ಟಿ ತೆರೆಯುವುದು ಮುಂದಿನ ವರ್ಷಕ್ಕೆ.

ಕರೆದುಕೊಂಡು ಹೋಗಲು ಬಂದ ಚಿಕ್ಕಮ್ಮ ಆ ಕೈ ನೋಡಿದವಳೇ ಬಾಗಿಲು ಮುಂದೆ ಮಾಡಿದಳು.

"ಕಾಮಾಲೆ ಕಣೇ ಇದು. ಪೌಡರ್ ಹಚ್ಚಿ ಮುಷ್ಟಿ ಬಿಗಿ ಹಿಡ್ಕೊ. ಆ ಡಾಕ್ಟರಮ್ಮ ಎತ್ತರ, ತೂಕ, ನಾಲಿಗೆ ನೋಡ್ತಾರೆ, ಮುಗೀತು. ಕೈ ನೋಡಿ ಭವಿಷ್ಯ ಏನೂ ಹೇಳಲ್ಲ."

ಅಕ್ಕ ಒಲೆಯ ಕಡೆ ತಿರುಗಿದಳು. ಕಾಮಾಲೆಯಾದರೆ ತಂಗಿಯ ಜೀವಕ್ಕೆ ಕುತ್ತು. ಅಲ್ಲವಾದರೆ ತಪ್ಪು ತನ್ನದು, ಒಲೆಯ ಪಕ್ಕದ ಗೋಡೆಗೆ ಅಂಟಿಸಿದ ಆ ಚೀಟಿಯದು.

ಹಗಲು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಅಕ್ಕ ವಾರಕ್ಕೆ ಮೂರು ಸಂಜೆ ಆಹಾರ ಮತ್ತು ಆರೋಗ್ಯದ ತರಗತಿಗೆ ಹೋಗುತ್ತಿದ್ದಳು. ಮುಖದ ತುಂಬ ಮೊಡವೆ ಎದ್ದು ತಂಗಿ ಕನ್ನಡಿಯ ಮುಂದೆ ಅತ್ತದ್ದು ನೋಡಲಾರದೆ, ಎರಡು ತಿಂಗಳ ಕೆಳಗೆ ಆ ಚೀಟಿ ಬರೆದುಕೊಟ್ಟಿದ್ದಳು: ದಿನಕ್ಕೆ ಎಂಟು ಲೋಟ ನೀರು, ಒಂದು ಕ್ಯಾರೆಟ್, ಒಂದು ಹೋಳು ಪಪ್ಪಾಯಿ, ಒಂದು ಹಿಡಿ ಸೊಪ್ಪು, ಕರಿದದ್ದು ಬೇಡ, ಸಕ್ಕರೆ ಕಡಿಮೆ. ಮೊಡವೆ ನಿಜಕ್ಕೂ ಇಳಿದಿತ್ತು. ಯಾರಿಗೂ ಹೇಳದಿದ್ದರೂ ಒಳಗೊಳಗೇ ಹಿಗ್ಗಿದ್ದಳು. ಈಗ ಆ ಹಿಗ್ಗು ನೆನಪಾಗಿ ನಾಚಿಕೆಯಾಯಿತು. ಅರ್ಧ ಕಲಿತವಳಿಗೆ ಇನ್ನೊಬ್ಬರ ತಟ್ಟೆಗೆ ಕೈ ಹಾಕುವ ಉಸಾಬರಿ ಯಾಕೆ ಬೇಕಿತ್ತು?

ತರಕಾರಿಯಿಂದ ಚರ್ಮಕ್ಕೆ ಬಣ್ಣ ಬರುವ ಮಾತು ತರಗತಿಯಲ್ಲಿ ಬಂದಿತ್ತು. ಕಣ್ಣಿನ ವಿಷಯವೂ ಬಂದಿತ್ತು. ಆದರೆ ಕಣ್ಣು ಬೆಳ್ಳಗಿದ್ದರೆ ಭಯವಿಲ್ಲ ಎಂದಿದ್ದರೋ, ಬೆಳ್ಳಗಿದ್ದರೂ ನಂಬಬೇಡಿ ಎಂದಿದ್ದರೋ? ಫೋನಿನಲ್ಲಿ ಹುಡುಕಿದರೆ ಒಂದು ಕಡೆ ತರಕಾರಿ ಎಂದಿತ್ತು, ಇನ್ನೊಂದು ಕಡೆ ಯಕೃತ್ತು ಕೆಟ್ಟಿದೆ ಎಂದಿತ್ತು. ನೋಟ್‌ಬುಕ್ ತೆರೆದಳು. ನಲವತ್ತೊಂದನೇ ಹಾಳೆ ಆದಮೇಲೆ ನಲವತ್ತಮೂರು. ನಡುವಿನ ಹಾಳೆ ಇರಲಿಲ್ಲ.

ಆಗ ಹೊಳೆಯಿತು. ಹಾಳೆಯ ಒಂದೇ ಬದಿಗೆ ಬರೆಯುವುದು ಅವಳ ರೂಢಿ. ಹಿಂಬದಿ ಖಾಲಿ ಇದೆಯಲ್ಲ ಎಂದು ಚೀಟಿಗೆ ಅದನ್ನೇ ಹರಿದಿದ್ದಳು. ಪಾಠ ಗೋಡೆಗೆ ಮುಖ ಮಾಡಿ ಅಂಟಿಕೊಂಡಿತ್ತು.

ಬಿಸಿನೀರಿಗೆ ಬಟ್ಟೆ ಅದ್ದಿ ಚೀಟಿಯ ಮೇಲೆ ಒತ್ತಿದಳು.

"ಒಂಬತ್ತಕ್ಕೆ ಬಸ್ಸು. ಗೋಡೆ ಕೆರೆಯೋಕೆ ಇದೇ ಹೊತ್ತಾ?" ಎಂದಳು ಚಿಕ್ಕಮ್ಮ.

ಮೂಲೆ ಎದ್ದಿತು. ಮೆಲ್ಲನೆ ಎಳೆದಳು. ಅರ್ಧ ಹಾಳೆ ಕೈಗೆ ಬಂತು, ಇನ್ನರ್ಧ ಗೋಡೆಯಲ್ಲೇ ಮುದ್ದೆಯಾಯಿತು. ಕೈಯಲ್ಲಿದ್ದ ತುಂಡಿನಲ್ಲಿ ಅವಳದೇ ಅಕ್ಷರ: 'ಕ್ಯಾರೆಟ್, ಪಪ್ಪಾಯಿ, ಕುಂಬಳ ಅತಿಯಾದರೆ ಅಂಗೈ, ಅಂಗಾಲು ಹಳದಿ. ಕಣ್ಣಿನ ಬಿಳಿ...' ಅಲ್ಲಿಗೆ ಹಾಳೆ ಹರಿದಿತ್ತು.

"ಇಲ್ಲಿ ಬಾ," ಎಂದು ತಂಗಿಯ ಮುಖವನ್ನು ಬೆಳಕಿಗೆ ತಿರುಗಿಸಿ ರೆಪ್ಪೆ ಎತ್ತಿ ನೋಡಿದಳು. ದಿನಕ್ಕೆ ನೂರಾರು ಬಿಳಿ ಚಾದರ ಮಡಿಸುವವಳು, ಮಾಸಿದ ಬಿಳಿ ಯಾವುದು, ಅಪ್ಪಟ ಬಿಳಿ ಯಾವುದು ಎಂದು ಅವಳಿಗೆ ಗೊತ್ತು. ಇದು ಅಪ್ಪಟ ಬಿಳಿ.

"ನಿಜ ಹೇಳು. ದಿನಕ್ಕೆ ಎಷ್ಟು ಕ್ಯಾರೆಟ್ ತಿಂದೆ?"

ತಂಗಿ ನೆಲ ನೋಡಿದಳು. "ಬೆಳಿಗ್ಗೆ ನಾಲ್ಕು. ಸಾಯಂಕಾಲ ರಸ ಮಾಡಿ ಐದಾರು."

"ನಾನು ಬರೆದಿದ್ದು ಒಂದು."

"ಒಂದಕ್ಕೇ ಇಷ್ಟು ಗುಣ ಅಂದ್ರೆ ಹತ್ತಕ್ಕೆ ಎಷ್ಟಿರಬೇಡ ಅನ್ಕೊಂಡೆ. ಕೆಲಸಕ್ಕೆ ಸೇರೋವಾಗ ಆ ಮುಖ ಹೊತ್ಕೊಂಡು ಹೋಗ್ಬೇಕಿತ್ತಾ?"

"ಮೊಲ ಕೂಡ ಇಷ್ಟು ತಿನ್ನಲ್ಲ," ಎಂದು ಚಿಕ್ಕಮ್ಮ ಪೌಡರ್ ಡಬ್ಬಿ ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿನಲ್ಲಿ ಅಕ್ಕ ಬೇಡವೆನ್ನುತ್ತಿದ್ದಂತೆಯೇ ತಂಗಿಯ ಅಂಗೈಗೆ ಅದನ್ನು ಬಳಿದಳು.

ಚಿಕ್ಕಮ್ಮ ತನ್ನ ಕೆಲಸಕ್ಕೆ ಹೋದಳು. ಕಾರ್ಖಾನೆಯ ವೈದ್ಯರ ಕೋಣೆಗೆ, ಯಾರೂ ಕರೆಯದಿದ್ದರೂ, ಅಕ್ಕ ತಂಗಿಯ ಹಿಂದೆ ಹೋದಳು. ಎತ್ತರ, ತೂಕ, ನಾಲಿಗೆ. ತಂಗಿಯ ಎರಡೂ ಮುಷ್ಟಿ ತೊಡೆಯ ಮೇಲೆ ಬಿಗಿಯಾಗಿದ್ದವು. ಡಾಕ್ಟರಮ್ಮ ತಲೆ ಎತ್ತದೆ ಕಾಗದ ತಿರುವಿದರು. ಪೆನ್ನು ಸಹಿಯ ಜಾಗಕ್ಕೆ ಬಂತು.

ಸುಮ್ಮನಿದ್ದರೆ ಕೆಲಸ ಸಿಕ್ಕಂತೆಯೇ. ಆದರೆ ಆ ಹರಿದ ಸಾಲಿನ ಮುಂದೆ ಏನಿತ್ತೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಂಗಿಯ ಮೈಯೊಳಗೆ ಮುಚ್ಚಿಟ್ಟು ಮನೆಗೆ ಹೋಗುವುದು ಅವಳಿಂದಾಗಲಿಲ್ಲ.

"ಮೇಡಂ, ಇವಳ ಅಂಗೈ ಸ್ವಲ್ಪ ನೋಡಿ."

ತಂಗಿ ಅವಳನ್ನು ನುಂಗುವಂತೆ ನೋಡಿದಳು. ಪೆನ್ನು ನಿಂತಿತು. ಮುಷ್ಟಿ ಒಂದೊಂದೇ ಬೆರಳಾಗಿ ಬಿಚ್ಚಿಕೊಂಡಿತು.

"ಪೌಡರ್ ಯಾರ ಬುದ್ಧಿ?" ಎಂದರು ಡಾಕ್ಟರಮ್ಮ.

ಅಕ್ಕ ಚೀಟಿಯ ಹರಿದ ತುಂಡನ್ನು ಮೇಜಿನ ಮೇಲಿಟ್ಟಳು. "ಊಟದ ಪಟ್ಟಿ ಬರೆದುಕೊಟ್ಟಿದ್ದು ನಾನು. ಅತಿಯಾಗಬಾರದು ಅಂತ ಇದರ ಹಿಂದೆ ಇತ್ತು. ಅದನ್ನ ಇವಳಿಗೆ ಹೇಳ್ಲಿಲ್ಲ."

ಡಾಕ್ಟರಮ್ಮ ಕಣ್ಣು ನೋಡಿದರು, ಚಪ್ಪಲಿ ಬಿಡಿಸಿ ಅಂಗಾಲು ನೋಡಿದರು, ಜ್ವರ, ಹಸಿವು, ಮೂತ್ರದ ಬಣ್ಣ ಕೇಳಿದರು. "ಕಣ್ಣು ಬೆಳ್ಳಗಿದೆ. ಕ್ಯಾರೆಟ್ಟಿಂದು ಅಂತಲೇ ಕಾಣುತ್ತೆ. ಆದ್ರೆ ರಕ್ತ ಪರೀಕ್ಷೆ ಆಗದೆ ಸಹಿ ಹಾಕಲ್ಲ. ಈಗ ರಕ್ತ ಕೊಟ್ಟು ಎರಡು ಗಂಟೆಗೆ ಬನ್ನಿ."

ಹೊರಗಿನ ಬೆಂಚಿನಲ್ಲಿ ತಂಗಿ ಅಕ್ಕನಿಂದ ದೂರ ಸರಿದು ಕೂತಳು. ಊಟದ ಬಿಡುವಿಗೆ ಬಂದ ಚಿಕ್ಕಮ್ಮ, "ನಿನ್ನ ನಾಲಿಗೆಗೂ ಒಂದು ಪಥ್ಯ ಬರ್ಕೊಂಡಿದ್ರೆ ಚೆನ್ನಾಗಿತ್ತು," ಎಂದು ಹೋದಳು. ಎರಡು ದಾಟಿತು. ಎರಡೂಕಾಲು. ಅಕ್ಕ ಆ ತುಂಡನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಅಕ್ಷರವೇ ಉಳಿಯಲಿಲ್ಲ.

ಎರಡೂವರೆಗೆ ಕರೆದರು. ರಕ್ತದಲ್ಲಿ ಕಾಮಾಲೆ ಇರಲಿಲ್ಲ. ಸಹಿ ಬಿತ್ತು. "ಬಣ್ಣ ಹೋಗೋಕೆ ಕೆಲವು ವಾರ ಬೇಕು," ಎಂದರು ಡಾಕ್ಟರಮ್ಮ. "ಅಲ್ಲೀವರೆಗೆ ಯಾರಾದ್ರೂ ಕೇಳಿದ್ರೆ ಈ ಕಾಗದ ತೋರಿಸು. ಮುಷ್ಟಿ ಬೇಡ."

ಮನೆಗೆ ಬಂದು, ಗೋಡೆಯ ಮೇಲಿನ ಮುದ್ದೆಯನ್ನು ಉಗುರಿನಿಂದ ಕೆರೆಯುತ್ತ ತಂಗಿ ಅಂದಳು: "ಇನ್ನೊಂದು ಬರೆದ್ಕೊಡು. ಎಷ್ಟು ತಿನ್ನಬೇಕು ಅಂತಷ್ಟೇ ಅಲ್ಲ, ಎಷ್ಟು ತಿನ್ನಬಾರದು ಅಂತಾನೂ."

ಅಕ್ಕ ಹಾಳೆಯ ಎರಡೂ ಬದಿಗೆ ಬರೆದಳು. ಮೂರು ಸಲ ಓದಿ ನೋಡಿದಳು. ಆಮೇಲೆ ಅದನ್ನು ಕಿಟಕಿಯ ಗಾಜಿಗೆ ಅಂಟಿಸಿದಳು, ಹೊರಗೆ ಹೋಗಿ ನಿಂತು ಹಿಂಬದಿಯೂ ಕಾಣುತ್ತದೆಯೇ ಎಂದು ಪರೀಕ್ಷಿಸಿದಳು.