ಕೋಲುಮುಖ, ಸಾಧಾರಣ ಮೈಕಟ್ಟು

ಶಿಕಾರಿಪುರದ ಠಾಣೆಗೆ ಬಂದ ಮೇಲೆ ನಾನು ಬರೆದುಕೊಂಡ ಮೊದಲ ಕಾಣೆ ದೂರು ದುರ್ಗಮ್ಮನದು. ಈಸೂರಿನ ಕಡೆಯವರು. ಗಂಡ ಶಿರಾಳಕೊಪ್ಪದ ಸಂತೆಗೆ ಜೊತೆಯಲ್ಲೇ ಬಂದಿದ್ದರು. ಇವರು ಮೆಣಸಿನಕಾಯಿ ಆರಿಸಿ ತಲೆಯೆತ್ತುವಷ್ಟರಲ್ಲಿ ಇಲ್ಲ. ಗಂಡನ ಹೆಸರೇನು ಎಂದರೆ ಸೆರಗು ಬಾಯಿಗೆ ಹಿಡಿದು ರೇಷನ್ ಕಾರ್ಡು ಮುಂದೆ ಸರಿಸಿದರು. ಸಣ್ಣಪ್ಪ. ಗಾರೆ ಕೆಲಸ.

ಮುಂದಿನದು ಚಹರೆ. ಹಳೆಯ ದೂರುಗಳನ್ನೆಲ್ಲ ಓದಿ ಕೈಗೆ ರೂಢಿಯಾಗಿತ್ತು. ಕೇಳುವ ಮೊದಲೇ ಬರೆದುಬಿಟ್ಟೆ: ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು.

ಹೆಡ್ ಕಾನ್‌ಸ್ಟೆಬಲ್ ಪರಮಶಿವಪ್ಪನವರು ಹಾಳೆ ಎತ್ತಿಕೊಂಡು ಠಾಣೆಗೆಲ್ಲ ಕೇಳುವಂತೆ ಓದಿದರು.

"ಏನವ್ವಾ ಗಂಗಾಶ್ರೀ, ಇದು ನಂದೇ ಚಹರೆ ಅಲ್ಲೇನು? ನನ್ನೇ ಕರ್ಕೊಂಡು ಹೋಗ್ಲಿ ಈ ಅಮ್ಮ."

ದುರ್ಗಮ್ಮ ಅಳುತ್ತಿದ್ದವರು ಹಾಗೇ ನಕ್ಕುಬಿಟ್ಟರು. "ಬ್ಯಾಡ್ರಿ ಸಾಹೇಬ್ರೆ, ಇದ್ದ ಒಬ್ರನ್ನ ಸುಧಾರ್ಸದೇ ಸಾಕಾಗೇತಿ."

ಪರಮಶಿವಪ್ಪನವರು ನನ್ನತ್ತ ತಿರುಗಿದರು. "ನೋಡು, ಸಂತೇಲಿ ಅರ್ಧ ಜನ ಕೋಲುಮುಖದವ್ರೇ. ಕಂಡಿದ್ದು ಬರಿ, ಕೇಳಿದ್ದು ಬರಿ. ಗುರ್ತಿಲ್ಲದ ಕಂಡಕ್ಟರ್ ಓದಿದ್ರೂ 'ಓ, ಇವ್ರೇ' ಅನ್ಬೇಕು. ನಿನ್ನ ಮಗಳು ಬಸ್‌ ಸ್ಟ್ಯಾಂಡಲ್ಲಿ ತಪ್ಪಿಸ್ಕೊಂಡ್ರೆ ಹಿಂಗೇ ಬರೀತಿದ್ದೇನು?"

"ಮುಂದಿನ ಎರಡು ಹಲ್ಲು ಬಿದ್ದಾವೆ ಸರ್," ಎಂದೆ ತಟ್ಟನೆ.

ಚೈತ್ರಶ್ರೀ ಸೊರಬದಲ್ಲಿ ನನ್ನ ಅಮ್ಮನ ಹತ್ತಿರ ಇದ್ದಾಳೆ, ಎರಡನೇ ಕ್ಲಾಸು. ಹೇಳಿದ ಮೇಲೆ ಹೊಳೆಯಿತು: ಹಲ್ಲು ಬಿದ್ದಿದ್ದು ನಾನು ಕಳೆದ ಸಲ ಹೋದಾಗ. ಈಗ ಹೊಸವು ಹುಟ್ಟಿರಲೂಬಹುದು. ನಾನು ಬೇರೆ ಹಾಳೆ ತೆಗೆದುಕೊಂಡೆ.

"ಅವ್ರು ಹೆಂಗಿದಾರಮ್ಮ?"

"ಒಳ್ಳೇರು."

ಪರಮಶಿವಪ್ಪನವರು ಕೆಮ್ಮಿದರು. ನಾನು ಮತ್ತೆ ಕೇಳಿದೆ. ನಡಿಗೆ ಹೇಗೆ, ಏನು ಉಟ್ಟಿದ್ದರು, ಬೇಜಾರಾದಾಗ ಏನು ಮಾಡುತ್ತಾರೆ. ದುರ್ಗಮ್ಮ ನಿಧಾನಕ್ಕೆ ಬಿಚ್ಚಿಕೊಂಡರು. ನೀಲಿ ಚೌಕಳಿ ಅಂಗಿ. ಒಂದು ಗುಂಡಿಗೆ ಇವರೇ ಕೆಂಪು ದಾರ ಹಾಕಿದ್ದು, ಮನೆಯಲ್ಲಿ ಬೇರೆ ದಾರ ಇರಲಿಲ್ಲ. ಕೆಲಸದಲ್ಲಿ ಸಾರವೆಯ ಮರದ ಅಟ್ಟದಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಮರೆವು. ಊರು ಕೇಳಿದರೆ ಹೇಳಲಾರರು.

"ಮತ್ತೆ, ಗ್ವಾಡಿ ಕಂಡ್ರೆ ಬಿಡಂಗಿಲ್ರಿ. ಹಿಂಗೆ."

ಎದ್ದು ಹೋಗಿ ಠಾಣೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಕಿವಿ ಹಚ್ಚಿ ಆಲಿಸಿದರು. ಮತ್ತೆ ತಟ್ಟಿದರು. "ಗಟ್ಟಿ ಐತೋ ಪೊಳ್ಳೋ ಅಂತ ಹಿಂಗೇ ನೋಡ್ತಾರ." ಆಮೇಲೆ ಕೈ ತೆಗೆಯಲಿಲ್ಲ. ಅಂಗೈ ಅಗಲಿಸಿ ಗೋಡೆಗೆ ಒತ್ತಿಕೊಂಡು ನಿಂತೇ ಇದ್ದರು. ಯಾರೂ ಕರೆಯಲಿಲ್ಲ.

ನಾನು ಬರೆದೆ. "ಬಹುಶಃ ಮನನೊಂದು ಹೋಗಿರಬಹುದು" ಎಂಬ ಸಾಲೊಂದನ್ನು ಸೇರಿಸಿದ್ದೆ. ಪರಮಶಿವಪ್ಪನವರು ಅದೊಂದನ್ನೇ ಹೊಡೆದುಹಾಕಿ, ಉಳಿದದ್ದನ್ನು ಸುತ್ತಲಿನ ಠಾಣೆಗಳಿಗೆಲ್ಲ ಕಳಿಸಿದರು.

ಮಾರನೆಯ ದಿನ ಸೊರಬದಿಂದ ಫೋನು. ಕಟ್ಟುತ್ತಿರುವ ಮನೆಯೊಂದರಲ್ಲಿ ಯಾರೋ ಬೆಳಗಿನಿಂದ ಗೋಡೆ ತಟ್ಟುತ್ತಿದ್ದಾರಂತೆ. ಕೆಲಸದವರು ಚಾ ಕೊಟ್ಟು ಕೂರಿಸಿಕೊಂಡಿದ್ದಾರೆ. ಗುಂಡಿಗೆ ಕೆಂಪು ದಾರ.

ದುರ್ಗಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ನಾನೇ ಹೋದೆ. ಸೊರಬದಲ್ಲಿ ಮಗಳ ಶಾಲೆ ದಾಟುವಾಗ ಊಟದ ಬಿಡುವು. ಅಂಗಳದ ತುಂಬ ಒಂದೇ ಬಣ್ಣದ ಲಂಗ, ಒಂದೇ ಥರದ ಎರಡು ಜಡೆ. ಇವರಲ್ಲಿ ಚೈತ್ರಶ್ರೀ ಯಾರು ಅಂತ ಹುಡುಕುವುದು? ಕುತ್ತಿಗೆ ತಿರುಗಿಸಿ ನೋಡುತ್ತಿದ್ದಂತೆ ಶಾಲೆ ಹಿಂದಾಯಿತು. ಡ್ರೈವರ್‌ಗೆ ನಿಲ್ಲಿಸಿ ಎನ್ನಲಿಲ್ಲ. ಪಕ್ಕದಲ್ಲಿ ದುರ್ಗಮ್ಮ ಸೀಟಿನ ಅಂಚು ಹಿಡಿದು ಕೂತಿದ್ದರು.

ಸಣ್ಣಪ್ಪ ಮರಳ ಗುಡ್ಡೆಯ ಮೇಲೆ ಕೂತಿದ್ದರು. ದುರ್ಗಮ್ಮ ಓಡಿಹೋಗಿ ಎದುರು ನಿಂತರು. ಅವರು ತಲೆಯೆತ್ತಿ ನೋಡಿ, ದಾರಿಗೆ ಅಡ್ಡವಾದೆನೇನೋ ಎಂಬಂತೆ ಕಾಲು ಮಡಚಿಕೊಂಡರು.

"ಬರ್ರಿ, ಮನಿಗೆ ಹೋಗೋಣು," ಎಂದರು ದುರ್ಗಮ್ಮ. ಮನೆ ಎಂದದ್ದಕ್ಕೆ ಸಣ್ಣಪ್ಪ ಎದ್ದರು.

ಠಾಣೆಯಲ್ಲಿ ಕುಳಿತು ಪತ್ತೆ ವರದಿಗೆ "ಪತ್ನಿಯು ಇವರನ್ನು ಗುರುತಿಸಿದರು" ಎಂದು ಬರೆದೆ. ಅಷ್ಟೇ ನಿಜ. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು ಎಂದು ಬರೆಯಲು ಪೆನ್ನು ಹೋಗಲಿಲ್ಲ. ವಾಪಸು ಬರುವ ದಾರಿಯಲ್ಲಿ ಜೀಪಿನ ಹಿಂದಿನ ಸೀಟಿನ ಮಾತು ನನ್ನ ಕಿವಿಗೆ ಬಿದ್ದಿತ್ತು.

"ನಿಮ್ದು ಯಾವೂರು ತಾಯಿ?" ಎಂದು ಸಣ್ಣಪ್ಪ ಕೇಳಿದ್ದರು.

"ಈಸೂರಿನ ಹತ್ರ ರೀ."

"ಹೌದಾ? ನಮ್ಮಾಕಿನೂ ಆ ಕಡೇನೇ ಇರೋದು. ಹೇಳ್ದೇ ಬಂದೀನಿ. ಕಾಯ್ತಿರ್ತಾಳ."

"ಹೌದ್ರಿ," ಎಂದಿದ್ದರು ದುರ್ಗಮ್ಮ, ಅವರ ಅಂಗಿಯ ಸಿಮೆಂಟು ಕೊಡವುತ್ತಾ. "ಭಾಳ ಕಾಯಾಕತ್ಯಾಳ."