ಗೋಡೆಯಾಚೆಯ ಕೊಂಬು

ಸುರುಳಿ ಸುತ್ತಿದ ಹಿತ್ತಾಳೆಯ ಕಾಡುಕೊಂಬು ಊದುವವನ ಮುಖ ಜನರ ಕಡೆಗಿದ್ದರೆ ಕೊಂಬಿನ ಬಾಯಿ ಅವನ ಬೆನ್ನ ಕಡೆಗಿರುತ್ತದೆ. ಊದಿದ್ದು ಮೊದಲು ಹಿಂದಿನ ಗೋಡೆಯನ್ನು ಮುಟ್ಟಿ, ಅಲ್ಲಿಂದ ಹೊರಳಿ ಕಿವಿಗೆ ಬರಬೇಕು. ಕಪ್ಪುಕಾಡಿನ ಕಣಿವೆಯಲ್ಲಿ ಹುಟ್ಟಿದ ಅಫ್ರಾಳಿಗೆ ಇದು ಹೊಸದೇನಲ್ಲ. ಆದರೂ ಆ ಭಾನುವಾರ ಅದು ಹೊಳೆಯುವ ಹೊತ್ತಿಗೆ ಅವಳ ಅಪ್ಪ ಕೊಂಬನ್ನು ಮನೆಯಿಂದಲೇ ಸಾಗಹಾಕುವುದರಲ್ಲಿದ್ದ.

ಅಪ್ಪ ಅಂಬ್ರೋಸ್ ಕಾಡಿನ ಕಾವಲುಗಾರ. ಹೆಂಡತಿ ಕ್ರೆಸೆನ್ಸ್ ತೀರಿಕೊಂಡ ಮೇಲೆ ಶೋಕದ ವರ್ಷವಿಡೀ ಕೊಂಬು ಮುಟ್ಟಿರಲಿಲ್ಲ. ತೋಳಿನ ಕಪ್ಪು ಪಟ್ಟಿ ಬಿಚ್ಚಿದ್ದೇ ತಡ, ಸೋದರಮಾವ ಸೆವೆರಿನ್ ಪಟ್ಟಣದಿಂದ ಹಿಮ ತುಳಿಯುತ್ತ ಬಂದಿಳಿದ. ಶಾಲೆಯ ಮೇಷ್ಟ್ರು, ಒಂದು ಕಂಕುಳಲ್ಲಿ ಪಿಟೀಲು, ಇನ್ನೊಂದರಲ್ಲಿ ಹೊಸದಾಗಿ ಅಚ್ಚಾದ ಸಂಗೀತದ ಹಾಳೆಗಳು. ಕೊಂಬು, ಪಿಟೀಲು, ಪಿಯಾನೊ ಮೂರಕ್ಕೇ ಬರೆದ ಕೃತಿ. ಬರೆದವನು ತನ್ನ ತಾಯಿಯನ್ನು ಕಳೆದುಕೊಂಡ ವರ್ಷ ಬರೆದದ್ದಂತೆ.

"ಗುಂಡಿ ಒತ್ತೋ ಹೊಸ ಕೊಂಬು ಬೇಡ, ಹಳೇ ಕಾಡುಕೊಂಬೇ ಬೇಕು ಅಂತ ಬರ್ದಿದಾನೆ ಭಾವ. ನಿಮ್ಮಂಥ ಹಳೇ ತಲೆಗಳನ್ನ ನೆನೆಸ್ಕೊಳ್ಳೋನು ಒಬ್ಬನಾದ್ರೂ ಹುಟ್ಟಿದಾನಲ್ಲ!"

"ನಿನ್ನ ಪಿಟೀಲಿಗಿಂತ ಚಿಕ್ಕ ವಯಸ್ಸಯ್ಯ ನನ್ನ ಕೊಂಬಿಗೆ," ಎಂದ ಅಂಬ್ರೋಸ್. ಅಫ್ರಾ ಅಪ್ಪನ ಬಾಯಲ್ಲಿ ಇಂಥ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಅವಳು ಅಮ್ಮನ ತವರಿನಿಂದ ಬಂದ ಹಳೆಯ ಪಿಯಾನೊದ ಮುಚ್ಚಳ ತೆರೆದಳು.

ಅಪ್ಪ ತನ್ನ ಕುರ್ಚಿಯನ್ನು ಕಿಟಕಿಯಿಂದ ಎಳೆದು ಒಳಗೋಡೆಗೆ ಬೆನ್ನಾಗಿಸಿ ಕೂತ. ಅಲ್ಲಿ ಗೂಟದ ಮೇಲೆ ಅಮ್ಮನ ದಪ್ಪ ಉಣ್ಣೆಯ ನಿಲುವಂಗಿ, ಅವಳು ಕೊನೆಯ ಸಲ ಬಿಚ್ಚಿ ಹಾಕಿದ ಹಾಗೇ, ತೂಗುತ್ತಿತ್ತು.

ಮೊದಲೆರಡು ಭಾಗಗಳು ಹೇಗೋ ದಾಟಿದವು. ಮೂರನೆಯದು ಶೋಕದ್ದು, ನಿಧಾನದ್ದು. ಕೊಳವೆಯಲ್ಲಿ ತಾನಾಗಿ ಸಿಗದ ಸ್ವರಗಳನ್ನು ಊದುವವನು ಕೊಂಬಿನ ಬಾಯೊಳಗೆ ಅಂಗೈ ತೂರಿಸಿ, ಮುಚ್ಚಿ ತೆರೆದು ಹೊರಡಿಸಬೇಕು. ಮುಚ್ಚಿದ ಸ್ವರವೆಂದರೆ ಸೆರಗು ಬಾಯಿಗಿಟ್ಟುಕೊಂಡು ಮಾತಾಡಿದಂತೆ. ಆದರೆ ಅಪ್ಪನ ಸ್ವರಗಳು ಮಾತೇ ಆಡಲಿಲ್ಲ. ಕಂಬಳಿಯೊಳಗೆ ಯಾರೋ ಕೆಮ್ಮಿದ ಹಾಗೆ ಹುಟ್ಟಿ ಅಲ್ಲೇ ಸತ್ತವು.

ಮತ್ತೆ ಊದಿದ. ಮತ್ತೆ ಅದೇ.

"ನನ್ನ ಉಸಿರು ಅವಳ ಜೊತೇಲೇ ಹೋಯ್ತು," ಎಂದು ಅಪ್ಪ ಕೊಂಬನ್ನು ತೊಡೆಯ ಮೇಲೆ ಮಲಗಿಸಿದ. "ಸೆವೆರಿನ್, ಹೋಗುವಾಗ ಇದನ್ನ ತಗೊಂಡು ಹೋಗು. ನಿಮ್ಮ ಬ್ಯಾಂಡಿನವರಲ್ಲಿ ಯಾರಾದ್ರೂ ಊದ್ಕೊಳ್ಳಲಿ."

ಮಾವನಿಗೂ ಚೇಷ್ಟೆ ಸಾಕಾಯಿತು. "ಅವಸರ ಏನು ಭಾವ..." ಎಂದ.

ಕೊಂಬೂ ಹೋದರೆ ಈ ಮನೆಯಲ್ಲಿ ಉಳಿಯುವುದು ಗಡಿಯಾರದ ಸದ್ದು ಮಾತ್ರ. ಅಫ್ರಾ ಅಪ್ಪನನ್ನು ನೋಡಿದಳು, ಕೊಂಬನ್ನು ನೋಡಿದಳು, ಅದರ ಬಾಯಿ ಎತ್ತ ತೆರೆದಿದೆಯೆಂದು ನೋಡಿದಳು. ಅಯ್ಯೋ, ಅಪ್ಪ ಊದುತ್ತಿದ್ದದ್ದು ತಮಗಲ್ಲ! ಅಮ್ಮನಿಗೆ ಮೊದಲು ಕೇಳಲಿ ಎಂದು ಅವಳ ನಿಲುವಂಗಿಯೊಳಕ್ಕೇ ಊದುತ್ತಿದ್ದ. ಆ ಉಣ್ಣೆ ಎಲ್ಲವನ್ನೂ ನುಂಗಿಕೊಳ್ಳುತ್ತಿತ್ತು.

"ಅಪ್ಪ, ನೀವು ಊದುವಾಗ ಅಮ್ಮ ಎಲ್ಲಿರ್ತಿದ್ಲು?"

"ಎಲ್ಲಿ ಅಂದ್ರೆ? ಕೊಟ್ಟಿಗೇಲಿ. ಹಾಲು ಕರೀತಾ."

ಆ ಕಣಿವೆಯ ಮನೆಗಳಲ್ಲಿ ದನಕ್ಕೂ ಜನಕ್ಕೂ ಒಂದೇ ಸೂರು. ಒಳಗೋಡೆಯ ಹಲಗೆಯಾಚೆಗೇ ಕೊಟ್ಟಿಗೆ.

"ಮತ್ತೆ ಅವಳಿಗೆ ಕೇಳ್ತಿದ್ದದ್ದು ಹಲಗೆಯಿಂದ ಅಲ್ವಾ? ಅಂಗಿಯಿಂದ ಅಲ್ವಲ್ಲ!"

ಅಪ್ಪ ತಿರುಗಿ ಗೂಟದ ಕಡೆ ನೋಡಿದ. "ನೀನೇ ತೆಗಿ," ಎಂದ. "ನನ್ನ ಕೈಲಾಗಲ್ಲ."

ನಿಲುವಂಗಿ ಭಾರವಾಗಿತ್ತು, ಹೊಗೆ, ಹುಲ್ಲು, ಅಮ್ಮ, ಎಲ್ಲ ಸೇರಿದ ವಾಸನೆ. ಎಲ್ಲಿಡುವುದೆಂದು ತೋಚದೆ ಅಫ್ರಾ ಅದನ್ನು ತಾನೇ ತೊಟ್ಟು ಪಿಯಾನೊದ ಮುಂದೆ ಕೂತಳು. ತಗ್ಗಿನ ಸ್ವರಗಳನ್ನು ಒಂದೊಂದಾಗಿ, ಕತ್ತಲಲ್ಲಿ ಮೆಟ್ಟಿಲಿಳಿದಂತೆ ನುಡಿಸಿದಳು. ಪಿಟೀಲು ಮೆಲ್ಲನೆ ಸೇರಿಕೊಂಡಿತು. ಆಮೇಲೆ ಕೊಂಬು.

ಅದು ಅಪ್ಪನಿಂದ ಬಂತೆಂದು ಹೇಳುವಂತಿರಲಿಲ್ಲ. ಹಲಗೆಗಳಿಂದ ಬಂತು, ತೊಲೆಗಳಿಂದ ಬಂತು, ಹಲಗೆಯಾಗುವ ಮೊದಲು ಅವು ನಿಂತಿದ್ದ ಕಾಡಿನಿಂದ ಬಂತು. ಮುಚ್ಚಿದ ಸ್ವರಗಳು ಯಾರೋ ತೀರ ಹತ್ತಿರದವರು ಬಾಯಿಬಿಟ್ಟು ಹೇಳಲಾರದೆ ಹೇಳುತ್ತಿರುವಂತಿದ್ದವು. ಒಂದು ತೆರೆದ ಸ್ವರ ಬಂದಾಗ ಕಣಿವೆಯ ಮೇಲೆ ಮೋಡ ಸರಿದಂತಾಗಿ ಅಫ್ರಾಳ ರೋಮವೆಲ್ಲ ನಿಂತಿತು. ಇಷ್ಟು ದೊಡ್ಡದು ಇಷ್ಟು ಮೆತ್ತಗೆ ಬರಲು ಸಾಧ್ಯವೇ? ಮಾವ ತನ್ನ ಸಾಲನ್ನು ಮರೆತು ಕಮಾನು ಎತ್ತಿಕೊಂಡೇ ನಿಂತ.

ಗೋಡೆಯಾಚೆ ಮೆಲುಕು ಹಾಕುವ ಸದ್ದು ನಿಂತುಹೋಯಿತು. ಅಮ್ಮನ ಮುದಿ ಹಸು ಎದ್ದು ನಿಂತಿರಬೇಕು. ಅದರ ಕೊರಳ ಗಂಟೆ ಒಮ್ಮೆ ಅಲುಗಿ ಸುಮ್ಮನಾಯಿತು.

ಮುಗಿದ ಮೇಲೂ ಅಪ್ಪ ಅಂಗೈಯನ್ನು ಕೊಂಬಿನೊಳಗಿನಿಂದ ತೆಗೆಯಲಿಲ್ಲ. ಮಾವ ಪಿಟೀಲನ್ನು ಪೆಟ್ಟಿಗೆಯಲ್ಲಿಡುತ್ತ, "ನಮ್ಮ ಬ್ಯಾಂಡಿನ ಬಾಗಿಲು ಚಿಕ್ಕದು ಭಾವ. ಈ ಕೊಂಬು ಅದರೊಳಗೆ ಹಿಡಿಸಲ್ಲ," ಎಂದು ಮೂಗೊರೆಸಿಕೊಂಡ.

ಹಾಲು ಕರೆಯುವ ಹೊತ್ತಾಗಿತ್ತು. ಅಫ್ರಾ ನಿಲುವಂಗಿ ಬಿಚ್ಚದೆ ಬಕೆಟ್ಟು ಕೈಗೆತ್ತಿಕೊಂಡಳು.

"ಅಪ್ಪ, ಇನ್ನೊಂದ್ಸಲ ಊದಿ," ಎಂದಳು. "ನಾನು ಆಚೆ ಕಡೆಯಿಂದ ಕೇಳ್ತೀನಿ."